ಕಲೆ ಮತ್ತು ವಿಜ್ಞಾನ ಕಾಲೇಜನ್ನು ಎರಡಾಗಿ ಒಡೆದರೆ ಬೋಧಕವರ್ಗಕ್ಕೆ ಆಗುವುದೇನು?

ರಸಾಯನದ ಮೇಷ್ಟ್ರು (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಕೆಲಸ ಮಾಡುವ ವಿಶ್ವವಿದ್ಯಾಲಯದಲ್ಲಿ ಕಲೆ ಮತ್ತು ವಿಜ್ಞಾನ ಕಾಲೇಜನ್ನು ಎರಡಾಗಿ ವಿಂಗಡಿಸುವ ಪ್ರಸ್ತಾವ ಬಂದಿದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವವಿಜ್ಞಾನ, ಗಣಿತ ಒಂದು ಕಾಲೇಜಿಗೆ ಹೋದರೆ ಭಾಷೆ, ಇತಿಹಾಸ, ತತ್ತ್ವಶಾಸ್ತ್ರ, ಅರ್ಥಶಾಸ್ತ್ರ, ಸಮಾಜಶಾಸ್ತ್ರ ಇನ್ನೊಂದಕ್ಕೆ ಹೋಗುತ್ತವೆ. ವಿಷಯ ವಿದ್ಯಾವಿಷಯಕ ಪರಿಷತ್ತಿನ ಮುಂದೆ ಬರುವ ಮೊದಲು ಬೋಧಕರೆಲ್ಲ ಲಿಖಿತ ಅಭಿಪ್ರಾಯ ಕೊಡಬೇಕೆಂದು ಸುತ್ತೋಲೆ ಹೊರಟಿದೆ. ನನ್ನ ವಿಭಾಗದ ಬಹುತೇಕ ಸಹೋದ್ಯೋಗಿಗಳು ಒಡೆಯುವುದೇ ಸರಿ ಎನ್ನುತ್ತಾರೆ. ನನಗೆ ಹಾಗೆ ಅನ್ನಿಸುತ್ತಿಲ್ಲ. ನನ್ನ ಅನಿಸಿಕೆಗೆ ಗಟ್ಟಿಯಾದ ಕಾರಣಗಳಿವೆಯೇ, ಅಥವಾ ಅದು ರೂಢಿಯ ಮೇಲಿನ ಮಮತೆ ಮಾತ್ರವೇ ಎಂದು ತಿಳಿಯಲು ಇಲ್ಲಿ ಕೇಳುತ್ತಿದ್ದೇನೆ.

ಒಂದು ಸಂದರ್ಭ ನನ್ನ ಮನಸ್ಸಿನಲ್ಲಿ ಉಳಿದಿದೆ. ನಮ್ಮಲ್ಲಿ ಬಡ್ತಿ ಸಮಿತಿಗೆ ಎಲ್ಲ ವಿಭಾಗಗಳವರೂ ಕೂಡುತ್ತಾರೆ. ಪ್ರಾಣಿಶಾಸ್ತ್ರದ ಅಧ್ಯಾಪಕರೊಬ್ಬರ ಕಡತ ಬಂದಾಗ, ಪ್ರಾಚೀನ ಕಾವ್ಯ ಪಾಠ ಮಾಡುವ ಹಿರಿಯರೊಬ್ಬರು ಅದರಲ್ಲಿದ್ದ ಮುಖ್ಯ ಪ್ರಬಂಧವನ್ನು ಕೈಗೆತ್ತಿಕೊಂಡು, "ಇದರಲ್ಲಿ ಹದಿನಾಲ್ಕು ಹೆಸರುಗಳಿವೆ, ಇವರು ಮಾಡಿದ್ದು ಯಾವ ಭಾಗ?" ಎಂದು ಕೇಳಿದರು. ವಿಜ್ಞಾನದವರಾದ ನಾವು ಪತ್ರಿಕೆಯ ಹೆಸರನ್ನು ನೋಡಿ ತಲೆಯಾಡಿಸಿ ಮುಂದಿನ ಕಡತಕ್ಕೆ ಹೋಗುವುದರಲ್ಲಿದ್ದೆವು. ಆ ಪ್ರಶ್ನೆ ಬಂದದ್ದರಿಂದ ಕ್ಷೇತ್ರಕಾರ್ಯದ ಟಿಪ್ಪಣಿ ಪುಸ್ತಕಗಳನ್ನು ತರಿಸಿ ನೋಡಲಾಯಿತು. ಪಟ್ಟಿಯ ನಡುವೆಲ್ಲೋ ಹೆಸರಿದ್ದ ಆ ಅಧ್ಯಾಪಕರು ದತ್ತಾಂಶದ ದೊಡ್ಡ ಪಾಲನ್ನು ತಾವೇ ಕಲೆಹಾಕಿದ್ದರೆಂಬುದು ಆಗ ಎಲ್ಲರಿಗೂ ತಿಳಿಯಿತು. ಕಾಲೇಜು ಎರಡಾದ ಮೇಲೆ ಇಂಥ ಪ್ರಶ್ನೆಯನ್ನು ಕೇಳುವವರು ಯಾರು? ನಿಮ್ಮ ನಿಮ್ಮ ಸಂಸ್ಥೆಗಳಲ್ಲಿ ಹೇಗಿದೆ ಎಂದು ದಯವಿಟ್ಟು ಬರೆಯಿರಿ.

ಭೌತಶಾಸ್ತ್ರ ವಿಭಾಗದಿಂದ

ಮೇಷ್ಟ್ರೇ, ನಿಮ್ಮ ಸಂದರ್ಭ ಚೆನ್ನಾಗಿದೆ. ಆದರೆ ಒಂದು ಒಳ್ಳೆಯ ಪ್ರಶ್ನೆಗಾಗಿ ಇಡೀ ವ್ಯವಸ್ಥೆಯನ್ನು ಉಳಿಸಿಕೊಳ್ಳಬೇಕೆನ್ನುವುದನ್ನು ನಾನು ಒಪ್ಪಲಾರೆ. ಆ ಪ್ರಶ್ನೆಯನ್ನು ಸರಿಯಾಗಿ ಓದಿಕೊಂಡ ಒಬ್ಬ ಭೌತವಿಜ್ಞಾನಿಯೂ ಕೇಳಬಹುದಿತ್ತು, ಕೇಳಲೇಬೇಕಿತ್ತು.

ಒಂದೇ ಕಾಲೇಜಿನಲ್ಲಿರುವ ತೊಂದರೆಗಳು ದಿನನಿತ್ಯದವು. ಉಪಕರಣ ಖರೀದಿಯ ಕಡತ ಡೀನ್ ಅವರ ಮೇಜಿನ ಮೇಲೆ ಕೂತಿರುತ್ತದೆ, ಏಕೆಂದರೆ ಅವರು ಸಾಹಿತ್ಯದವರು, ನಿರ್ವಾತ ಪಂಪು ಕೆಟ್ಟರೆ ಎರಡು ತಂಡಗಳ ಪ್ರಯೋಗ ನಿಲ್ಲುತ್ತದೆಂಬುದು ಅವರಿಗೆ ಯಾರಾದರೂ ಹೇಳದೆ ತಿಳಿಯುವುದಿಲ್ಲ. ಅವರ ತಪ್ಪೂ ಅದರಲ್ಲಿಲ್ಲ. ಹೊಸಬರನ್ನು ನೇಮಿಸಿಕೊಳ್ಳುವಾಗ ಪ್ರಯೋಗಾಲಯ ಕಟ್ಟಿಕೊಳ್ಳಲು ಆರಂಭಿಕ ಅನುದಾನ ಕೊಡಬೇಕು. ಅದಕ್ಕಾಗಿ ಪ್ರತಿ ಬಾರಿಯೂ ಇತಿಹಾಸ, ತತ್ತ್ವಶಾಸ್ತ್ರಗಳವರ ಎದುರು ಸಮಜಾಯಿಷಿ ಕೊಡುತ್ತ ನಿಲ್ಲಬೇಕು. ನಾವು ತರುವ ಸಂಶೋಧನಾ ಅನುದಾನದಿಂದ ಕಾಲೇಜಿನ ಅರ್ಧ ಖರ್ಚು ನಡೆಯುತ್ತದೆ. ನಮ್ಮ ಹಣದ ತೀರ್ಮಾನ ನಾವೇ ಮಾಡಿಕೊಳ್ಳುತ್ತೇವೆ ಎಂದರೆ ಅದರಲ್ಲಿ ತಪ್ಪೇನು?

ಇತಿಹಾಸದ ಅಧ್ಯಾಪಕಿ

ಸರ್, "ನಮ್ಮ ಹಣ" ಎಂಬ ಮಾತನ್ನು ಇನ್ನೊಮ್ಮೆ ಪರಿಶೀಲಿಸಬೇಕೆಂದು ವಿನಂತಿ. ಸಂಶೋಧನಾ ಅನುದಾನವನ್ನು ನಿರ್ದಿಷ್ಟ ಯೋಜನೆಗೆಂದು ಕೊಡುತ್ತಾರೆ. ಅದನ್ನು ಆ ಯೋಜನೆಯ ಉಪಕರಣ, ರಾಸಾಯನಿಕ, ಸಂಶೋಧನಾ ಸಹಾಯಕರ ವೇತನಗಳಿಗಲ್ಲದೆ ಬೇರೆಯದಕ್ಕೆ ಬಳಸುವಂತಿಲ್ಲ. ಸಂಸ್ಥೆಗೆ ಸಿಗುವುದು ಅದರ ಮೇಲಿನ ಪರೋಕ್ಷ ವೆಚ್ಚದ ಪಾಲು. ಅದರಿಂದಲೇ ಕಟ್ಟಡ, ವಿದ್ಯುತ್ತು, ಸುರಕ್ಷತಾ ವ್ಯವಸ್ಥೆ, ಲೆಕ್ಕಪತ್ರ ಎಲ್ಲವೂ ನಡೆಯಬೇಕು, ಮತ್ತು ಎಷ್ಟೋ ಕಡೆ ಅದು ಸಾಲದೆ ಸಂಸ್ಥೆಯೇ ಕೈಯಿಂದ ಸೇರಿಸಬೇಕಾಗುತ್ತದೆ.

ಇನ್ನೊಂದು ಕಡೆಯ ಲೆಕ್ಕವನ್ನೂ ನೋಡಿ. ನನ್ನ ಮೊದಲ ವರ್ಷದ ತರಗತಿಗೆ ಬೇಕಾದದ್ದು ಒಂದು ಕೊಠಡಿ, ಒಂದು ಹಲಗೆ, ಗ್ರಂಥಾಲಯ, ಮತ್ತು ನಾನು. ಅಲ್ಲಿ ಕೂರುವ ವಿದ್ಯಾರ್ಥಿ ಕಟ್ಟುವ ಶುಲ್ಕಕ್ಕೂ ನಿಮ್ಮ ಪ್ರಯೋಗಾಲಯದಲ್ಲಿ ನಿಲ್ಲುವ ವಿದ್ಯಾರ್ಥಿ ಕಟ್ಟುವ ಶುಲ್ಕಕ್ಕೂ ಬಹಳ ಅಂತರವಿರುವುದಿಲ್ಲ, ಆದರೆ ಖರ್ಚಿನ ಅಂತರ ದೊಡ್ಡದು. ತುಂಬಿದ ತರಗತಿಗಳಿರುವ ಭಾಷಾ ವಿಭಾಗಗಳು ಎಷ್ಟೋ ವರ್ಷಗಳಿಂದ ಸದ್ದಿಲ್ಲದೆ ಪ್ರಯೋಗಾಲಯಗಳ ಭಾರ ಹೊರುತ್ತ ಬಂದಿವೆ. ನಾನು ಇದನ್ನು ದೂರಿನಂತೆ ಹೇಳುತ್ತಿಲ್ಲ. ಒಂದು ಕಾಲೇಜು ಇರುವುದೇ ಹೀಗೆ ಹಂಚಿಕೊಳ್ಳಲಿಕ್ಕೆ. ಹಿಸ್ಸೆ ಕೇಳುವ ಅಣ್ಣತಮ್ಮಂದಿರು ಆಸ್ತಿಯ ಪಟ್ಟಿ ಬರೆದಷ್ಟೇ ಜಾಗ್ರತೆಯಿಂದ ಸಾಲದ ಪಟ್ಟಿಯನ್ನೂ ಬರೆಯಬೇಕಲ್ಲವೇ?

ಲೆಕ್ಕಪತ್ರ ಶಾಖೆ

ಮೇಡಂ ಹೇಳಿದ್ದು ಸರಿ. ಪರೋಕ್ಷ ವೆಚ್ಚದ ಪಾಲನ್ನು "ಉಳಿತಾಯ" ಎಂದು ತೋರಿಸುವ ವಿಭಾಗವಾರು ಪಟ್ಟಿಗಳನ್ನು ನಂಬಬೇಡಿ.

ಗಣಿತಾಸಕ್ತ

ಗಣಿತವನ್ನು ವಿಜ್ಞಾನದ ಕಡೆಗೆ ಹಾಕಿದ್ದು ಯಾರನ್ನು ಕೇಳಿ? ನಮಗೆ ಪ್ರಯೋಗಾಲಯವಿಲ್ಲ, ದೊಡ್ಡ ಅನುದಾನವಿಲ್ಲ, ತರಗತಿಗಳು ತುಂಬಿ ತುಳುಕುತ್ತವೆ. ಖರ್ಚಿನ ದೃಷ್ಟಿಯಿಂದ ನಾವು ತತ್ತ್ವಶಾಸ್ತ್ರದ ನೆಂಟರು.

ಮನೋವಿಜ್ಞಾನದ ಪ್ರಾಧ್ಯಾಪಕಿ

ಗಣಿತದವರಿಗೆ ಒಂದು ಮನೆಯಾದರೂ ಗೊತ್ತುಮಾಡಿದ್ದಾರೆ. ಮೇಷ್ಟ್ರು ಬರೆದ ಎರಡೂ ಪಟ್ಟಿಗಳಲ್ಲಿ ನಮ್ಮ ವಿಭಾಗದ ಹೆಸರೇ ಇಲ್ಲ; ಭೂಗೋಳ, ಸಂಖ್ಯಾಶಾಸ್ತ್ರ, ಭಾಷಾವಿಜ್ಞಾನಗಳ ಹೆಸರೂ ಇಲ್ಲ. ಇದು ಕೈತಪ್ಪಿ ಬಿಟ್ಟುಹೋದದ್ದೆಂದು ನನಗನ್ನಿಸುವುದಿಲ್ಲ. ಇಂಥ ಪ್ರಸ್ತಾವ ಎಲ್ಲಿ ಬಂದರೂ ಈ ವಿಷಯಗಳು ಗೆರೆಯ ಮೇಲೆಯೇ ನಿಂತಿರುತ್ತವೆ.

ನನ್ನ ವಿಭಾಗವನ್ನೇ ತೆಗೆದುಕೊಳ್ಳಿ. ಒಂದು ಕೋಣೆಯಲ್ಲಿ ಕಣ್ಣಿನ ಚಲನೆಯನ್ನು ದಾಖಲಿಸುವ ಯಂತ್ರದ ಮುಂದೆ ವಿದ್ಯಾರ್ಥಿ ಕೂತಿರುತ್ತಾನೆ. ಪಕ್ಕದ ಕೋಣೆಯಲ್ಲಿ ಒಬ್ಬ ಸಂಶೋಧಕಿ ಶೋಕದಲ್ಲಿರುವ ಕುಟುಂಬಗಳ ಸಂದರ್ಶನಗಳನ್ನು ಅಕ್ಷರಕ್ಕಿಳಿಸುತ್ತಿರುತ್ತಾಳೆ. ಇವರಿಬ್ಬರನ್ನೂ ಬೇರೆ ಬೇರೆ ಕಾಲೇಜಿಗೆ ಕಳಿಸಬೇಕೆ? ಆಧುನಿಕ ಮನೋವಿಜ್ಞಾನದ ಮೊದಲ ಪ್ರಯೋಗಾಲಯವೆಂದು ಸಾಮಾನ್ಯವಾಗಿ ಹೆಸರಿಸುವುದು 1879ರಲ್ಲಿ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಸ್ಥಾಪಿಸಿದ ಪ್ರಯೋಗಾಲಯವನ್ನು. ವೈದ್ಯಶಾಸ್ತ್ರ ಓದಿ ಶರೀರಕ್ರಿಯಾಶಾಸ್ತ್ರದಲ್ಲಿ ಕೆಲಸ ಮಾಡಿದ್ದ ಅವರು ಅಲ್ಲಿಗೆ ಹೋದದ್ದು ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ. ಗಡಿಗಳು ಗಟ್ಟಿಯಾಗಿದ್ದ ಕಡೆ ಅಂಥ ನೇಮಕವೇ ನಡೆಯುತ್ತಿರಲಿಲ್ಲ, ನಮ್ಮ ವಿಷಯ ಹುಟ್ಟುವುದೂ ತಡವಾಗುತ್ತಿತ್ತು.

ಭೌತಶಾಸ್ತ್ರ ವಿಭಾಗದಿಂದ

ಮೇಡಂ, ಗೆರೆಯ ಮೇಲೆ ನಿಂತವರು ಕೆಲವರಿದ್ದಾರೆಂದು ಗೆರೆಯೇ ಬೇಡವೆನ್ನಲಾಗದು. ನಿಮ್ಮ ವಿಭಾಗವೇ ಮತ ಹಾಕಿ ಎತ್ತ ಸೇರಬೇಕೆಂದು ತೀರ್ಮಾನಿಸಲಿ.

ಮನೋವಿಜ್ಞಾನದ ಪ್ರಾಧ್ಯಾಪಕಿ

ಮತ ಹಾಕಿದರೆ ವಿಭಾಗವೇ ಎರಡಾಗುತ್ತದೆ, ಸರ್. ಹಾಗೆ ಆಗಬಾರದೆಂದೇ ನಾನು ಬರೆಯುತ್ತಿರುವುದು.

ನಿವೃತ್ತ ಪ್ರಾಧ್ಯಾಪಕ

ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಈ ಪ್ರಶ್ನೆ ಇಂದಿನದಲ್ಲ. ಹಿಂದಿನವರು ಇದನ್ನು ಬಹಳ ಗಂಭೀರವಾಗಿ ಚರ್ಚಿಸಿದ್ದಾರಾದ್ದರಿಂದ ಸ್ವಲ್ಪ ವಿವರವಾಗಿ ಬರೆಯಲು ಅನುಮತಿ ಕೊಡಿ.

ಮಧ್ಯಯುಗದ ಪ್ಯಾರಿಸ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ನಿಕಾಯಗಳಿದ್ದವು, ಅಂದರೆ ಫ್ಯಾಕಲ್ಟಿಗಳು: ದೇವತಾಶಾಸ್ತ್ರ, ಕಾನೂನು, ವೈದ್ಯ ಮತ್ತು ಕಲೆ. ಕಲಾ ನಿಕಾಯವನ್ನು ಕೆಳಗಿನದೆಂದು ಎಣಿಸುತ್ತಿದ್ದರು, ಏಕೆಂದರೆ ಅದನ್ನು ದಾಟಿಯೇ ಉಳಿದವಕ್ಕೆ ಹೋಗಬೇಕಿತ್ತು. ಆದರೆ ಅಲ್ಲಿ ವ್ಯಾಕರಣ, ಅಲಂಕಾರ, ತರ್ಕಗಳ ಜೊತೆಗೆ ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳಗಳನ್ನೂ ಕಲಿಸುತ್ತಿದ್ದರು. ಕಲೆಯೂ ವಿಜ್ಞಾನವೂ ಒಂದೇ ಸೂರಿನಡಿ ಇದ್ದದ್ದು ಆಡಳಿತದ ಅನುಕೂಲಕ್ಕಾಗಿ ಯಾರೋ ಆಮೇಲೆ ಹೊಲಿದು ಕೂಡಿಸಿದ್ದಲ್ಲ. ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಸಂಖ್ಯೆಯಲ್ಲಿ ದೊಡ್ಡದಾಗಿದ್ದ ಆ ಕೆಳಗಿನ ನಿಕಾಯ ಆರಿಸಿದ ರೆಕ್ಟರೇ ಕಾಲಕ್ರಮದಲ್ಲಿ ಇಡೀ ವಿಶ್ವವಿದ್ಯಾಲಯದ ಮುಖ್ಯಸ್ಥರಾದರು.

1798ರಲ್ಲಿ ಜರ್ಮನ್ ತತ್ತ್ವಜ್ಞಾನಿ ಕಾಂಟ್ ನಿಕಾಯಗಳ ನಡುವಣ ವಿವಾದವನ್ನು ಕುರಿತು ಬರೆದಾಗ, ಮೇಲಿನ ಮೂರು ನಿಕಾಯಗಳ ಬೋಧನೆಯಲ್ಲಿ ಸರ್ಕಾರಕ್ಕೆ ನೇರವಾದ ಆಸಕ್ತಿ ಇರುತ್ತದೆ, ಕೆಳಗಿನದಾದ ತತ್ತ್ವಶಾಸ್ತ್ರ ನಿಕಾಯ ಮಾತ್ರ ಸತ್ಯವನ್ನಷ್ಟೇ ನೋಡಿ ಉಳಿದವುಗಳನ್ನು ಪರೀಕ್ಷಿಸುವ ಸ್ವಾತಂತ್ರ್ಯ ಹೊಂದಿರಬೇಕು ಎಂದು ವಾದಿಸಿದರು. ಅವರ ದೃಷ್ಟಿಯಲ್ಲಿ ಆ ಒಂದೇ ನಿಕಾಯದೊಳಗೆ ಇತಿಹಾಸ, ಭೂಗೋಳ, ಭಾಷೆಗಳೂ ಇದ್ದವು, ಶುದ್ಧ ಗಣಿತವೂ ಇತ್ತು.

ಒಡೆಯುವ ಕೆಲಸ ಶುರುವಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಜರ್ಮನಿಯಲ್ಲಿ ವಿಜ್ಞಾನಕ್ಕೆ ಪ್ರತ್ಯೇಕ ನಿಕಾಯವನ್ನು ಮೊದಲು ಮಾಡಿದ್ದು ಟ್ಯೂಬಿಂಗನ್, 1863ರಲ್ಲಿ. ಬರ್ಲಿನ್‌ನಲ್ಲಿಯೂ ಅದೇ ಬೇಡಿಕೆ ಎದ್ದಿತು. ಆಗ, 1880ರಲ್ಲಿ, ರೆಕ್ಟರ್ ಆಗಿ ಅಧಿಕಾರ ವಹಿಸಿಕೊಂಡ ಔಗುಸ್ಟ್ ವಿಲ್ಹೆಲ್ಮ್ ಹೋಫ್‌ಮನ್ ತಮ್ಮ ಮೊದಲ ಭಾಷಣವನ್ನೇ ಈ ಪ್ರಶ್ನೆಗೆ ಮೀಸಲಿಟ್ಟು, ವಿಭಜನೆಯನ್ನು ವಿರೋಧಿಸಿದರು. ಹೋಫ್‌ಮನ್ ತತ್ತ್ವಶಾಸ್ತ್ರಜ್ಞರಲ್ಲ, ಭಾಷಾಪಂಡಿತರೂ ಅಲ್ಲ. ಅನಿಲಿನ್ ಕುರಿತ ಕೆಲಸದಿಂದ ಬಣ್ಣಗಳ ಉದ್ಯಮಕ್ಕೇ ತಳಹದಿ ಹಾಕಿದ ರಸಾಯನವಿಜ್ಞಾನಿ. ದೊಡ್ಡ ಪ್ರಯೋಗಾಲಯವನ್ನು ನಡೆಸುತ್ತಿದ್ದವರು, ಹಣದ ಅಗತ್ಯವನ್ನು ಯಾರಿಗಿಂತಲೂ ಚೆನ್ನಾಗಿ ಬಲ್ಲವರು. ರಸಾಯನದ ಮೇಷ್ಟ್ರಿಗೆ ತಮ್ಮ ವಿಭಾಗದಲ್ಲಿ ಜೊತೆಗಾರರಿಲ್ಲವೆನ್ನಿಸಿದರೆ, ತಮ್ಮ ವಿಷಯದ ಚರಿತ್ರೆಯಲ್ಲಿ ಒಬ್ಬರು ಇದ್ದಾರೆ.

ರಸಾಯನದ ಮೇಷ್ಟ್ರು

ಸರ್, ತುಂಬಾ ಉಪಕಾರವಾಯಿತು. ನಮ್ಮ ವಿದ್ಯಾರ್ಥಿಗಳಿಗೆ ಹೋಫ್‌ಮನ್ ಹೆಸರು ಅಮೈನ್ ಪಾಠದಲ್ಲಿ ಪ್ರತಿ ವರ್ಷವೂ ಬರುತ್ತದೆ, ಈ ಭಾಷಣದ ವಿಷಯ ಅಲ್ಲಿ ಯಾರೂ ಹೇಳುವುದಿಲ್ಲ.

ಸಂಖ್ಯಾಶಾಸ್ತ್ರದ ಸಂಶೋಧಕ

ನಿವೃತ್ತರ ಮಾತಿಗೆ ಗೌರವ ಸಲ್ಲಿಸುತ್ತಲೇ ಒಂದು ಆಕ್ಷೇಪ. 1880ರಲ್ಲಿ ಒಂದು ನಿಕಾಯದ ಪ್ರಾಧ್ಯಾಪಕರೆಲ್ಲ ಒಂದು ಸಭಾಂಗಣದಲ್ಲಿ ಕೂತು ಪರಸ್ಪರ ಹೆಸರು ಹಿಡಿದು ಮಾತಾಡಬಹುದಿತ್ತು. ಇಂದು ದೊಡ್ಡ ಕಾಲೇಜುಗಳಲ್ಲಿ ಬೋಧಕರು ನೂರುಗಟ್ಟಲೆ ಇರುತ್ತಾರೆ, ಒಂದೇ ವಿಭಾಗದೊಳಗೇ ಒಬ್ಬರ ಕೆಲಸ ಇನ್ನೊಬ್ಬರಿಗೆ ಅರ್ಥವಾಗುವುದಿಲ್ಲ.

ಲೇಖಕರ ಸಂಖ್ಯೆಯನ್ನೇ ನೋಡಿ. ಹಿಗ್ಸ್ ಕಣದ ದ್ರವ್ಯರಾಶಿಯನ್ನು ಕುರಿತು 2015ರಲ್ಲಿ ಪ್ರಕಟವಾದ ಪ್ರಬಂಧಕ್ಕೆ ಐದು ಸಾವಿರಕ್ಕೂ ಹೆಚ್ಚು ಲೇಖಕರಿದ್ದರು. 33 ಪುಟಗಳಲ್ಲಿ 24 ಪುಟಗಳು ಅವರ ಹೆಸರು ಮತ್ತು ಸಂಸ್ಥೆಗಳ ಪಟ್ಟಿಗೇ ಹೋದವು. ಅದರ ಮುಂದೆ "ಇವರು ಮಾಡಿದ್ದು ಯಾವ ಭಾಗ?" ಎಂದು ಕೇಳಿದರೆ ಉತ್ತರಿಸಲು ಆ ಕ್ಷೇತ್ರದ ತಜ್ಞರೇ ಬೇಕು. ಗಣಿತದಲ್ಲಿ ಲೇಖಕರ ಹೆಸರುಗಳನ್ನು ಸಾಮಾನ್ಯವಾಗಿ ಅಕಾರಾದಿಯಾಗಿ ಬರೆಯುತ್ತಾರೆ. ಜೀವವಿಜ್ಞಾನದಲ್ಲಿ ಮೊದಲ ಹೆಸರು ಕೆಲಸ ಮಾಡಿದವರದು, ಕೊನೆಯದು ಪ್ರಯೋಗಾಲಯದ ಮುಖ್ಯಸ್ಥರದು. ಇದನ್ನರಿಯದ ಸಮಿತಿ ಸದಸ್ಯರು ಗಣಿತದ ಅಭ್ಯರ್ಥಿಯನ್ನು "ಯಾವಾಗಲೂ ಕೊನೆಯಲ್ಲಿರುವವರು" ಎಂದು ಕೆಳಗಿಳಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪರಕೀಯ ಕಣ್ಣು ಒಳ್ಳೆಯ ಪ್ರಶ್ನೆಯನ್ನೂ ಕೇಳೀತು, ಅನ್ಯಾಯವನ್ನೂ ಮಾಡೀತು.

ಇತಿಹಾಸದ ಅಧ್ಯಾಪಕಿ

ಅನ್ಯಾಯ ಎರಡೂ ಕಡೆಯಿಂದ ನಡೆಯುತ್ತದೆ. ಪತ್ರಿಕೆಗಳ ಪ್ರಭಾವ ಸೂಚ್ಯಂಕವನ್ನು ಹಿಡಿದು ನಮ್ಮನ್ನು ಅಳೆಯುವವರಿದ್ದಾರೆ. ಆ ಸೂಚ್ಯಂಕ ಎಣಿಸುವುದು ಹಿಂದಿನ ಎರಡು ವರ್ಷಗಳ ಲೇಖನಗಳಿಗೆ ಬಂದ ಉಲ್ಲೇಖಗಳನ್ನು. ಇತಿಹಾಸದ ಗ್ರಂಥವೊಂದನ್ನು ಕೊಂಡು, ಓದಿ, ವಿಮರ್ಶೆ ಬರೆದು, ಇನ್ನೊಂದು ಗ್ರಂಥದಲ್ಲಿ ಅದಕ್ಕೆ ಉತ್ತರ ಬರುವ ಹೊತ್ತಿಗೆ ಹತ್ತು ವರ್ಷ ಕಳೆದಿರುತ್ತದೆ. ಪತ್ರಿಕೆಯ ಸೂಚ್ಯಂಕವನ್ನು ವ್ಯಕ್ತಿಯ ಯೋಗ್ಯತೆಯ ಅಳತೆಯಾಗಿ ಬಳಸಬಾರದೆಂದು 2013ರ ಸ್ಯಾನ್‌ಫ್ರಾನ್ಸಿಸ್ಕೋ ಘೋಷಣೆಯಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಅದನ್ನು ಹೇಳಿದವರು ವಿಜ್ಞಾನಿಗಳೇ ಎಂಬುದನ್ನು ಗಮನಿಸಬೇಕು.

ಹಾಗಾಗಿ ಸಮಿತಿ ಮಿಶ್ರವಾಗಿದ್ದರೆ ಸಾಲದು. ಪ್ರತಿ ಕಡತದ ಜೊತೆಗೆ ಆಯಾ ವಿಭಾಗವು ತನ್ನ ಪದ್ಧತಿಯನ್ನು ಎರಡು ಪುಟಗಳಲ್ಲಿ ಬರೆದು ಲಗತ್ತಿಸಬೇಕು. ಹೆಸರುಗಳ ಕ್ರಮದ ಅರ್ಥವೇನು, ಗ್ರಂಥಕ್ಕೆ ಎಷ್ಟು ಬೆಲೆ, ಸಂಪಾದನೆ ಮತ್ತು ಅನುವಾದಗಳನ್ನು ಹೇಗೆ ಎಣಿಸುತ್ತಾರೆ ಎಂಬುದು ಅದರಲ್ಲಿರಬೇಕು. ಹೀಗೆ ಮಾಡಿದರೆ ಹೊರಗಿನವರ ಪ್ರಶ್ನೆಯೂ ಉಳಿಯುತ್ತದೆ, ಗಣಿತದವರಿಗೆ ಆದಂಥ ಅನ್ಯಾಯವೂ ತಪ್ಪುತ್ತದೆ.

ಕನ್ನಡ ಎಂ.ಎ.

ಕಲೆ, ವಿಜ್ಞಾನಗಳು ಒಂದೆಡೆ ಇದ್ದರೆ ಏನಾಗುತ್ತದೆನ್ನುವುದಕ್ಕೆ ನಮ್ಮಲ್ಲೇ ಉದಾಹರಣೆಗಳಿವೆ. ಬೆಳ್ಳಾವೆ ವೆಂಕಟನಾರಣಪ್ಪನವರು ಭೌತಶಾಸ್ತ್ರದ ಪ್ರಾಧ್ಯಾಪಕರು, ಕನ್ನಡದಲ್ಲಿ ವಿಜ್ಞಾನ ಪತ್ರಿಕೆ ನಡೆಸಿದವರು. ಪಂಪಭಾರತವನ್ನು ಸಾಹಿತ್ಯ ಪರಿಷತ್ತಿಗಾಗಿ ಸಂಪಾದಿಸಿದವರೂ ಅವರೇ. ಡಿ.ಡಿ. ಕೋಸಂಬಿ ಗಣಿತದ ಅಧ್ಯಾಪಕರು. ಪ್ರಾಚೀನ ಮುದ್ರಾಂಕಿತ ನಾಣ್ಯಗಳನ್ನು ತೂಗಿ, ಚಲಾವಣೆಯಲ್ಲಿ ಸವೆದ ತೂಕವನ್ನು ಸಂಖ್ಯಾಶಾಸ್ತ್ರದಿಂದ ಲೆಕ್ಕ ಹಾಕಿ ಕಾಲಾನುಕ್ರಮವನ್ನು ಹುಡುಕಿದರು. ಜಿ.ಟಿ. ನಾರಾಯಣರಾಯರು ಗಣಿತ ಪಾಠ ಮಾಡಿ, ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ವಿಜ್ಞಾನ ವಿಭಾಗವನ್ನು ಕಟ್ಟಿದರು.

ಭೌತಶಾಸ್ತ್ರ ವಿಭಾಗದಿಂದ

ಮೂವರೂ ದೊಡ್ಡವರು, ಅನುಮಾನವಿಲ್ಲ. ಆದರೆ ಅವರನ್ನು ರೂಪಿಸಿದ್ದು ಅವರ ಪ್ರತಿಭೆಯೇ ಹೊರತು ಕಾಲೇಜಿನ ಆಡಳಿತ ನಕ್ಷೆಯಲ್ಲ. ಅವರ ಕಾಲದಲ್ಲಿದ್ದ ಉಳಿದ ನೂರಾರು ಅಧ್ಯಾಪಕರು ಪಕ್ಕದ ವಿಭಾಗದ ಬಾಗಿಲನ್ನೂ ತಟ್ಟಿರಲಾರರು.

ಕನ್ನಡ ಎಂ.ಎ.

ಪ್ರತಿಭೆ ಅವರದೇ, ಸರ್. ಆದರೆ ಭೌತಶಾಸ್ತ್ರದ ಪ್ರಾಧ್ಯಾಪಕರೊಬ್ಬರು ಹಳಗನ್ನಡ ಕಾವ್ಯದ ಹಸ್ತಪ್ರತಿಗಳ ಪಾಠಾಂತರ ನೋಡುತ್ತ ಕೂತರೆ "ಇದು ನಿಮ್ಮ ಕೆಲಸವಲ್ಲ" ಎನ್ನದ ವಾತಾವರಣವೂ ಬೇಕಲ್ಲ? ಇಂದಿನ ಬಡ್ತಿಯ ಅರ್ಜಿಯಲ್ಲಿ ಆ ಸಂಪಾದನೆಯನ್ನು ತುಂಬಲು ಒಂದು ಅಂಕಣವೂ ಇರುವುದಿಲ್ಲ.

ಅತಿಥಿ ಉಪನ್ಯಾಸಕಿ

ಇಷ್ಟು ಹೊತ್ತು ಓದುತ್ತಿದ್ದೆ. ಎಲ್ಲರೂ "ಬೋಧಕವರ್ಗ" ಎನ್ನುತ್ತಿದ್ದೀರಿ. ಅದರಲ್ಲಿ ನಾವು ಸೇರುತ್ತೇವೆಯೇ ಎಂದು ಕೇಳಬೇಕೆನ್ನಿಸಿತು.

ನಾನು ಮೊದಲ ವರ್ಷದವರಿಗೆ ಇಂಗ್ಲಿಷ್ ಕಲಿಸುತ್ತೇನೆ, ವಿಜ್ಞಾನದ ವಿದ್ಯಾರ್ಥಿಗಳಿಗೂ ಕಲೆಯ ವಿದ್ಯಾರ್ಥಿಗಳಿಗೂ. ಪ್ರಯೋಗದ ವರದಿಯಲ್ಲಿ "ಕಂಡದ್ದು" ಮತ್ತು "ಊಹಿಸಿದ್ದು" ಎರಡನ್ನೂ ಬೇರೆ ಬೇರೆ ವಾಕ್ಯಗಳಲ್ಲಿ ಬರೆಯಬೇಕೆಂದು ಅವರಿಗೆ ತಿದ್ದಿ ತಿದ್ದಿ ಕಲಿಸುವುದು ನನ್ನ ತರಗತಿಯಲ್ಲಿ. ಇಡೀ ಕಾಲೇಜಿನಲ್ಲಿ ಎರಡೂ ಕಡೆಯ ಮಕ್ಕಳನ್ನು ಒಟ್ಟಿಗೆ ಕಾಣುವವರು ಮುಖ್ಯವಾಗಿ ನನ್ನಂಥವರೇ. ಆದರೆ ಬೋಧಕರ ಸಭೆಗೆ ನಮಗೆ ಆಹ್ವಾನವಿಲ್ಲ, ಪಠ್ಯಕ್ರಮ ಸಮಿತಿಯಲ್ಲಿ ಸ್ಥಾನವಿಲ್ಲ, ಮೇಷ್ಟ್ರು ಹೇಳಿದ ಸುತ್ತೋಲೆಯಂಥವು ನಮ್ಮ ಕೈಗೆ ಬರುವುದಿಲ್ಲ. ಪ್ರತಿ ಸೆಮಿಸ್ಟರ್ ಕೊನೆಗೆ ಮುಂದಿನ ಸೆಮಿಸ್ಟರಿಗೆ ಕಾರ್ಯಭಾರ ಇದೆಯೋ ಇಲ್ಲವೋ ಎಂದು ವಿಭಾಗದ ಬಾಗಿಲಲ್ಲಿ ನಿಂತು ಕೇಳಬೇಕು. ಉತ್ತರಪತ್ರಿಕೆಗಳನ್ನು ತಿದ್ದಲು ಒಂದು ಮೇಜೂ ಇಲ್ಲದ್ದರಿಂದ ಗ್ರಂಥಾಲಯದ ಮೂಲೆಯಲ್ಲಿ ಕೂತು ತಿದ್ದುತ್ತೇವೆ.

ಅಮೆರಿಕದ ಪ್ರಾಧ್ಯಾಪಕರ ಸಂಘ 1940ರಲ್ಲಿ ಪ್ರಕಟಿಸಿದ ಹೇಳಿಕೆಯಲ್ಲಿ ಪರೀಕ್ಷಾರ್ಥ ಸೇವೆಯ ಅವಧಿ ಏಳು ವರ್ಷ ಮೀರಬಾರದೆಂಬ ತತ್ತ್ವವಿದೆ. ಅದು ಪೂರ್ಣಾವಧಿಯ ನೇಮಕ ಸಿಕ್ಕವರಿಗೆ. ನಮ್ಮಂಥವರ ಸೇವೆ ಪ್ರತಿ ಸೆಮಿಸ್ಟರೂ ಹೊಸದಾಗಿ ಹುಟ್ಟಿ ಹೊಸದಾಗಿ ಮುಗಿಯುವುದರಿಂದ ಎಣಿಕೆಯೇ ಶುರುವಾಗುವುದಿಲ್ಲ. ಒಂದು ಕಾಲೇಜು ಇರಲಿ, ಎರಡಾಗಲಿ, ಇದು ಬದಲಾಗುವುದಾದರೆ ಮಾತ್ರ ನನಗೆ ಆ ಚರ್ಚೆಯಲ್ಲಿ ಪಾಲಿದೆ.

ಗಣಿತಾಸಕ್ತ

ಮೇಡಂ, ಈ ಚರ್ಚೆಯ ಅತ್ಯಂತ ಮುಖ್ಯವಾದ ಮಾತು ಇದೇ.

ಭೌತಶಾಸ್ತ್ರ ವಿಭಾಗದಿಂದ

ನಾನೂ ಒಪ್ಪುತ್ತೇನೆ, ಮತ್ತು ಇದು ಎರಡೂ ಕಡೆಗೆ ಅನ್ವಯಿಸುವ ಮಾತು. ಪ್ರಾಯೋಗಿಕ ತರಗತಿಗಳನ್ನು ನಮ್ಮಲ್ಲಿಯೂ ಹೆಚ್ಚಾಗಿ ಅತಿಥಿ ಉಪನ್ಯಾಸಕರೇ ನಡೆಸುತ್ತಾರೆ. ಅಲ್ಲಿ ಇನ್ನೊಂದು ಅನ್ಯಾಯವಿದೆ. ಒಂದು ಗಂಟೆಯ ಉಪನ್ಯಾಸವನ್ನು ಒಂದು ಗಂಟೆ ಎಂದೇ ಎಣಿಸುತ್ತಾರೆ, ಆದರೆ ಎಷ್ಟೋ ಕಡೆ ಪ್ರಯೋಗಾಲಯದ ಎರಡು ಗಂಟೆಗಳನ್ನು ಒಂದೆಂದು ಎಣಿಸುತ್ತಾರೆ. ವಿದ್ಯಾರ್ಥಿಯೊಬ್ಬ ಆಮ್ಲದ ಬಾಟಲಿ ಹಿಡಿದು ನಿಂತಿರುವಾಗ ಅವನ ಪಕ್ಕದಲ್ಲಿ ನಿಂತವರ ಗಮನ ಅರ್ಧ ಗಂಟೆಯಷ್ಟೇ ಇರುತ್ತದೆಂದು ಲೆಕ್ಕ ಹಾಕಿದವರು ಯಾರೋ ತಿಳಿಯದು.

ಇತಿಹಾಸದ ಅಧ್ಯಾಪಕಿ

ಅದಕ್ಕೆ ನನ್ನ ಸಂಪೂರ್ಣ ಬೆಂಬಲವಿದೆ. ಪ್ರತಿಯಾಗಿ ನೀವೂ ನಮ್ಮ ಒಂದು ಲೆಕ್ಕವನ್ನು ಒಪ್ಪಬೇಕು. ಅರುವತ್ತು ವಿದ್ಯಾರ್ಥಿಗಳ ಪ್ರಬಂಧಗಳನ್ನು ಓದಿ, ಅಂಚಿನಲ್ಲಿ ಬರೆದು, ಎರಡನೆಯ ಕರಡನ್ನು ಮತ್ತೆ ಓದುವ ಕೆಲಸ ಕಾರ್ಯಭಾರದ ಪಟ್ಟಿಯಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ತರಗತಿಯಲ್ಲಿ ನಿಂತ ಗಂಟೆಗಳನ್ನಷ್ಟೇ ಎಣಿಸುವ ತನಕ ನಿಮಗೂ ನಮಗೂ ನಷ್ಟವೇ. ನಾವು ಒಂದೇ ಸಭೆಯಲ್ಲಿ ಕೂತು ಇವೆರಡನ್ನೂ ಒಟ್ಟಿಗೆ ಕೇಳಿದರೆ ಆಡಳಿತಕ್ಕೆ ಉತ್ತರಿಸದೆ ಗತಿಯಿಲ್ಲ.

ಹೊರದೇಶದಲ್ಲಿರುವ ಓದುಗ

ಒಟ್ಟಿಗೆ ಕೂತು ಕೇಳುವುದರ ಬಲಕ್ಕೆ ಒಂದು ಪ್ರಸಿದ್ಧ ಉದಾಹರಣೆ ಇದೆ. ಹಾರ್ವರ್ಡ್‌ನ ಕಲೆ ಮತ್ತು ವಿಜ್ಞಾನ ನಿಕಾಯ 1890ರಲ್ಲಿ ರೂಪುಗೊಂಡದ್ದು. 2005ರ ಮಾರ್ಚ್‌ನಲ್ಲಿ ಅಲ್ಲಿನ ಬೋಧಕರು ಆಗಿನ ಅಧ್ಯಕ್ಷ ಲಾರೆನ್ಸ್ ಸಮರ್ಸ್ ಅವರ ಮೇಲೆ ಅವಿಶ್ವಾಸ ನಿರ್ಣಯವನ್ನು 185 ಮತಗಳ ವಿರುದ್ಧ 218 ಮತಗಳಿಂದ ಅಂಗೀಕರಿಸಿದರು. ನಿರ್ಣಯಕ್ಕೆ ಕಾನೂನಿನ ಬಲವಿರಲಿಲ್ಲ. ಆದರೂ ಮುಂದಿನ ವರ್ಷ ಅವರು ಹುದ್ದೆ ಬಿಟ್ಟರು. ಸರಿತಪ್ಪುಗಳ ಬಗ್ಗೆ ಅಲ್ಲಿಯೇ ಇಂದಿಗೂ ಭಿನ್ನಾಭಿಪ್ರಾಯವಿದೆ. ಮತಗಳ ಅಂತರವೂ ಅದನ್ನೇ ತೋರಿಸುತ್ತದೆ. ನಾನು ಹೇಳಬೇಕೆಂದದ್ದು ಇಷ್ಟು: ಭಾಷೆಯವರು ಮಾತ್ರ ಅಥವಾ ವಿಜ್ಞಾನದವರು ಮಾತ್ರ ಮತ ಹಾಕಿದ್ದರೆ ಅದನ್ನು ಒಂದು ಗುಂಪಿನ ಅಸಮಾಧಾನವೆಂದು ಬದಿಗೆ ಸರಿಸುವುದು ಸುಲಭವಾಗುತ್ತಿತ್ತು.

ಸಂಖ್ಯಾಶಾಸ್ತ್ರದ ಸಂಶೋಧಕ

ಅಲ್ಲಿನ ಹಿರಿಯ ಬೋಧಕರಿಗೆ ಸೇವಾಭದ್ರತೆ ಇತ್ತು, ಹಾಗಾಗಿ ಕೈ ಎತ್ತಲು ಹೆದರಬೇಕಿರಲಿಲ್ಲ. ಅತಿಥಿ ಉಪನ್ಯಾಸಕಿಯವರು ಮೇಲೆ ಹೇಳಿದ ಸ್ಥಿತಿಯಲ್ಲಿರುವವರಿಂದ ಅದನ್ನು ನಿರೀಕ್ಷಿಸಲಾಗದು. ದೊಡ್ಡ ನಿಕಾಯಕ್ಕೆ ಬಲ ಬರುವುದು ಅದರ ಗಾತ್ರದಿಂದಲ್ಲ, ಅದರೊಳಗೆ ನಿರ್ಭಯವಾಗಿ ಮಾತಾಡಬಲ್ಲವರ ಸಂಖ್ಯೆಯಿಂದ.

ಎರಡನೆಯ ವರ್ಷದ ವಿದ್ಯಾರ್ಥಿನಿ

ಅಧ್ಯಾಪಕರ ನಡುವೆ ಮಾತಾಡುತ್ತಿರುವುದಕ್ಕೆ ಕ್ಷಮಿಸಿ. ನಾನು ಸಸ್ಯಶಾಸ್ತ್ರದ ಜೊತೆಗೆ ಇತಿಹಾಸವನ್ನು ಐಚ್ಛಿಕವಾಗಿ ತೆಗೆದುಕೊಂಡಿದ್ದೇನೆ. ಕೃಷಿಯ ಇತಿಹಾಸದಲ್ಲಿ ಮುಂದೆ ಓದಬೇಕೆಂಬ ಆಸೆ. ವೇಳಾಪಟ್ಟಿ ಒಂದೇ ಕಚೇರಿಯಲ್ಲಿ ತಯಾರಾಗುವುದರಿಂದ ನನ್ನ ಪ್ರಾಯೋಗಿಕ ತರಗತಿಯೂ ಇತಿಹಾಸದ ತರಗತಿಯೂ ಒಂದೇ ಹೊತ್ತಿಗೆ ಬರದಂತೆ ನೋಡಿಕೊಳ್ಳುತ್ತಾರೆ. ಕಾಲೇಜು ಎರಡಾಗಿರುವ ಕಡೆ ಓದುತ್ತಿರುವ ನನ್ನ ಗೆಳತಿಗೆ ಈ ಜೋಡಿ ಸಾಧ್ಯವೇ ಆಗಲಿಲ್ಲ. ನಿಯಮದಲ್ಲಿ ಅವಕಾಶವಿತ್ತು, ಆದರೆ ಎರಡು ಕಚೇರಿಗಳ ವೇಳಾಪಟ್ಟಿಗಳು ಹೊಂದಲಿಲ್ಲ.

ನಿವೃತ್ತ ಪ್ರಾಧ್ಯಾಪಕ

ತಾಯಿ, ನೀನು ಕ್ಷಮೆ ಕೇಳಬೇಕಾಗಿಲ್ಲ. ನಿಯಮದಲ್ಲಿ ಇದ್ದು ವೇಳಾಪಟ್ಟಿಯಲ್ಲಿ ಇಲ್ಲದಿರುವುದನ್ನು ನಮ್ಮಲ್ಲಿ ಯಾರೂ ಇಷ್ಟು ಹೊತ್ತು ಹೇಳಿರಲಿಲ್ಲ.

ರಸಾಯನದ ಮೇಷ್ಟ್ರು

ಎಲ್ಲರ ಮಾತುಗಳನ್ನೂ ಓದಿ, ನನ್ನ ಲಿಖಿತ ಅಭಿಪ್ರಾಯದ ಕರಡನ್ನು ಹೀಗೆ ಬರೆಯಬೇಕೆಂದುಕೊಂಡಿದ್ದೇನೆ.

ಕಾಲೇಜು ಒಂದಾಗಿಯೇ ಇರಬೇಕು. ಆದರೆ ಈಗಿರುವಂತೆ ಡೀನ್ ಸಹಿ ಮತ್ತು ನಾಮಫಲಕಗಳಲ್ಲಿ ಮಾತ್ರ ಒಂದಾಗಿರುವುದಾದರೆ, ಒಡೆಯಬೇಕೆನ್ನುವವರಿಗೆ ನಾನು ಹೇಳಬಹುದಾದ ಉತ್ತರ ಯಾವುದೂ ಇಲ್ಲ. ಉಪಕರಣ ಮತ್ತು ಪ್ರಯೋಗಾಲಯಗಳ ಖರೀದಿಗೆ ವಿಜ್ಞಾನ ವಿಭಾಗಗಳಿಂದ ಒಬ್ಬ ಸಹಾಯಕ ಡೀನ್ ಇರಬೇಕು ಮತ್ತು ನಿಗದಿತ ಮೊತ್ತದವರೆಗೆ ಅವರ ಸಹಿಯೇ ಸಾಕಾಗಬೇಕು. ಭೌತಶಾಸ್ತ್ರದವರ ದೂರಿನಲ್ಲಿ ನ್ಯಾಯವಿದೆ. ಬಡ್ತಿ ಸಮಿತಿ ಮಿಶ್ರವಾಗಿಯೇ ಇದ್ದು, ಪ್ರತಿ ಕಡತಕ್ಕೂ ವಿಭಾಗದ ಪದ್ಧತಿಯ ವಿವರಣೆ ಲಗತ್ತಾಗಬೇಕು. ಪ್ರಾಯೋಗಿಕ ತರಗತಿಯ ಗಂಟೆಯನ್ನು ಪೂರ್ಣ ಗಂಟೆಯೆಂದೂ, ಬರವಣಿಗೆ ತಿದ್ದುವ ಕೆಲಸವನ್ನು ವಿದ್ಯಾರ್ಥಿಗಳ ಸಂಖ್ಯೆಗೆ ತಕ್ಕಂತೆಯೂ ಕಾರ್ಯಭಾರದಲ್ಲಿ ಸೇರಿಸಬೇಕು. ಒಂದು ವರ್ಷಕ್ಕಿಂತ ಹೆಚ್ಚು ಕಾಲ ಪಾಠ ಮಾಡಿದ ಅತಿಥಿ ಉಪನ್ಯಾಸಕರಿಗೆ ಬೋಧಕರ ಸಭೆಗೆ ಆಹ್ವಾನವಿರಬೇಕು.

ಅತಿಥಿ ಉಪನ್ಯಾಸಕಿ

ಮೇಷ್ಟ್ರೇ, ಕೊನೆಯ ವಾಕ್ಯದಲ್ಲಿ "ಆಹ್ವಾನ" ಎಂಬಲ್ಲಿ "ಮತದ ಹಕ್ಕು" ಎಂದು ಬರೆಯಿರಿ. ಆಹ್ವಾನಿತರಾಗಿ ಹಿಂದಿನ ಸಾಲಿನಲ್ಲಿ ಕೂತು ಎದ್ದು ಬರುವುದರಿಂದ ಏನೂ ಆಗುವುದಿಲ್ಲ.

ಭೌತಶಾಸ್ತ್ರ ವಿಭಾಗದಿಂದ

ಸಹಾಯಕ ಡೀನ್ ವಿಷಯ ನಿಜವಾಗಿಯೂ ಸೇರುವುದಾದರೆ, ಒಡೆಯಲೇಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಮೂರು ವರ್ಷ ನೋಡೋಣ, ಆಗಲೂ ಕಡತಗಳು ಹೀಗೆಯೇ ಕೂತಿದ್ದರೆ ಮತ್ತೆ ಇದೇ ಪ್ರಶ್ನೆ ಎತ್ತುತ್ತೇನೆ.

ಮನೋವಿಜ್ಞಾನದ ಪ್ರಾಧ್ಯಾಪಕಿ

ಪಠ್ಯಕ್ರಮ ಸಮಿತಿಯ ಬಗ್ಗೆ ಕರಡಿನಲ್ಲಿ ಏನೂ ಇಲ್ಲವಲ್ಲ? ಹೊಸ ಪಠ್ಯವಿಷಯವೊಂದನ್ನು ಮಂಜೂರು ಮಾಡುವಾಗ ಕಲೆ, ವಿಜ್ಞಾನ ಎರಡೂ ಕಡೆಯ ಸದಸ್ಯರು ಹಾಜರಿದ್ದರೆ ಮಾತ್ರ ಕೋರಂ ಆಗತಕ್ಕದ್ದು ಎಂಬ ನಿಯಮವನ್ನು ದಯವಿಟ್ಟು ಸೇರಿಸಿ. ನಮ್ಮಲ್ಲಿ ಆ ಸಮಿತಿ ಕೂಡುವುದೇ ಅರ್ಧ ಸದಸ್ಯರು ಬಾರದ ದಿನ.

ರಸಾಯನದ ಮೇಷ್ಟ್ರು

ಎರಡನ್ನೂ ಸೇರಿಸಿದ್ದೇನೆ: ಮತದ ಹಕ್ಕು, ಮತ್ತು ಎರಡೂ ಕಡೆಯವರ ಹಾಜರಿಯ ಕೋರಂ. ಪರಿಷ್ಕೃತ ಕರಡನ್ನು ನನ್ನ ವಿಭಾಗದವರಿಗೂ ಕಳಿಸುತ್ತೇನೆ. ಸಹಿ ಹಾಕಲು ಒಪ್ಪುವ ಇತರ ವಿಭಾಗಗಳ ಮಿತ್ರರಿದ್ದರೆ, ಸುತ್ತೋಲೆಯ ಗಡುವು ಮುಗಿಯುವ ಮೊದಲು ಜಂಟಿ ಪತ್ರವಾಗಿಯೇ ಕೊಡೋಣ.